ಹೋದ ಹೊತ್ತನ್ನು ವೇಗದಲ್ಲಿ ಹುಡುಕಬೇಡ

ಮಗಳೇ,

ಹೊಸ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿನಿಂದ ಬೆಳಗಾವಿಗೆ ಹೊರಟಿದ್ದೀಯೆಂದು ನಿಮ್ಮಮ್ಮ ಹೇಳಿದಳು. ಕೇಳಿ ಖುಷಿಯಾಯಿತು. ಸುಮಾರು 500 ಕಿಲೋಮೀಟರ್ ದಾರಿ. ಫೋನಿನ ನಕ್ಷೆ ಎಂಟೊಂಬತ್ತು ಗಂಟೆ ಸಾಕು ಎನ್ನುತ್ತದೆ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದ ಊಟ ಹುಬ್ಬಳ್ಳಿಯಲ್ಲಿ, ಸಂಜೆಯ ಚಹಾ ಬೆಳಗಾವಿಯಲ್ಲಿ ಎಂದು ನೀನು ಲೆಕ್ಕ ಹಾಕಿರುವುದೂ ಗೊತ್ತಾಯಿತು. ಆ ಲೆಕ್ಕದ ಬಗ್ಗೆಯೇ ನಿನ್ನೊಡನೆ ನಾಲ್ಕು ಮಾತಾಡಬೇಕು ಅನ್ನಿಸಿತು. ಈ ರಸ್ತೆಯಲ್ಲಿ ಬಸ್ಸಿನಲ್ಲಿ, ಲಾರಿಯ ಕ್ಯಾಬಿನ್ನಿನಲ್ಲಿ, ಆಮೇಲೆ ಸ್ವಂತ ವಾಹನದಲ್ಲಿ ಓಡಾಡಿ ವಯಸ್ಸು ಕಳೆದವನು ನಾನು. ಹಿರಿಯನ ಮಾತೆಂದು ಕೇಳಿಸಿಕೋ.

ಈ ದಾರಿಯಲ್ಲಿ ತಡವಾಗಿಯೇ ಆಗುತ್ತದೆ. ಆಗಲಿ ಬಿಡು. ಹೋದ ಹೊತ್ತನ್ನು ವೇಗದಿಂದ ಗಳಿಸಿಕೊಳ್ಳಲು ಮಾತ್ರ ಹೋಗಬೇಡ. ನಾನು ಹೇಳಬೇಕೆಂದಿರುವುದು ಇಷ್ಟೇ. ಅದನ್ನು ಪಾಲಿಸುವುದು ಹೇಗೆ ಎಂಬುದಕ್ಕೆ ಮುಂದಿನ ಮಾತುಗಳು.

ಮೊದಲು ದಾರಿಯ ಪರಿಚಯ ಮಾಡಿಕೋ. ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಎಲ್ಲಿ ಕೇಳಿದರೂ ಇದು ಇವತ್ತಿಗೂ ಪಿ.ಬಿ. ರಸ್ತೆಯೇ, ಪೂನಾ–ಬೆಂಗಳೂರು ರಸ್ತೆ. ಬಹುಕಾಲ ನಾವಿದನ್ನು ನಾಲ್ಕನೇ ನಂಬರ್ ಹೆದ್ದಾರಿ ಎಂದೆವು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆ ಬದಲಾದಾಗ, ದಿಲ್ಲಿಯಿಂದ ಮುಂಬೈ, ಪುಣೆ, ಬೆಂಗಳೂರಿನ ಮೇಲೆ ಚೆನ್ನೈಗೆ ಹೋಗುವ 48ರೊಳಗೆ ಸೇರಿಕೊಂಡಿತು. ವಾಜಪೇಯಿ ಅವರ ಕಾಲದಲ್ಲಿ ಶುರುವಾದ 5,846 ಕಿಲೋಮೀಟರ್ ಉದ್ದದ ಸುವರ್ಣ ಚತುರ್ಭುಜ ಯೋಜನೆಯಲ್ಲಿ ಇದು ನಾಲ್ಕು ಪಥದ ರಸ್ತೆಯಾಯಿತು. ಅದಕ್ಕೆ ಮುಂಚೆ ಈ ರಸ್ತೆ ಪ್ರತಿಯೊಂದು ಊರಿನ ಪೇಟೆಯ ನಡುವೆಯೇ ಹಾದುಹೋಗುತ್ತಿತ್ತು. ಶಿರಾದ ಸಂತೆ, ಹಾವೇರಿಯ ಬಸ್ ನಿಲ್ದಾಣ, ಹರಿಹರದ ಹೊಳೆ, ಎಲ್ಲವೂ ಕಿಟಕಿಯಲ್ಲೇ ಕಾಣುತ್ತಿದ್ದವು. ಈಗ ಬೈಪಾಸುಗಳು ಊರುಗಳನ್ನು ಬದಿಗಿಟ್ಟು ಸಾಗುತ್ತವೆ. ಹಾಗಾಗಿ ಊರು ನೋಡಬೇಕೆಂದರೆ ನೀನಾಗಿಯೇ ಹೆದ್ದಾರಿಯಿಂದ ಇಳಿಯಬೇಕು. ಇಳಿಯದಿದ್ದರೆ 500 ಕಿಲೋಮೀಟರ್ ಹೋಗಿಯೂ ಟೋಲ್‌ಗೇಟು, ಪೆಟ್ರೋಲ್ ಬಂಕು ಬಿಟ್ಟು ಬೇರೇನನ್ನೂ ಕಂಡಂತಾಗುವುದಿಲ್ಲ.

ಆದ್ದರಿಂದ ದಾರಿಯನ್ನು ಎರಡು ದಿನಕ್ಕೆ ಹಂಚಿಕೋ. ಮೊದಲ ದಿನ ಚಿತ್ರದುರ್ಗದವರೆಗೆ 200 ಕಿಲೋಮೀಟರ್. ಎರಡನೆಯ ದಿನ ಉಳಿದ 300. ಎಂಟು ಗಂಟೆಯ ದಾರಿಗೆ ಎರಡು ದಿನವೇ ಎಂದು ನಿನ್ನ ಗಂಡ ಕೇಳಬಹುದು. ಮಕ್ಕಳು, ಮುದುಕರು ಜೊತೆಗಿದ್ದಾಗ ಆ ಎಂಟು ಗಂಟೆ ಹೇಗೂ ಹನ್ನೆರಡಾಗುತ್ತದೆ ಎಂದು ಹೇಳು. ಆ ಹನ್ನೆರಡು ಗಂಟೆಯನ್ನು ಒಂದೇ ಉಸಿರಿಗೆ ಓಡಿಸಿ ಕೊನೆಯ ಎರಡು ಗಂಟೆ ಕತ್ತಲಲ್ಲಿ, ಕಣ್ಣು ಎಳೆಯುವಾಗ ಹೋಗುವುದಕ್ಕಿಂತ ನಡುವೆ ಒಂದು ರಾತ್ರಿ ಮಲಗಿ ಏಳುವುದು ಎಷ್ಟೋ ಮೇಲು.

ಊರು ಬಿಡುವ ಹೊತ್ತಿನಿಂದಲೇ ಎಚ್ಚರ ಬೇಕು. ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಡುವ ಯೋಚನೆ ಬೇಡ. ಗೊರಗುಂಟೆಪಾಳ್ಯದಿಂದ ಪೀಣ್ಯ ದಾಟಿ ನೆಲಮಂಗಲ ಮುಟ್ಟುವುದಕ್ಕೇ ಆ ಹೊತ್ತಿನಲ್ಲಿ ಸಾಕುಸಾಕಾಗುತ್ತದೆ. ಯುಗಾದಿ, ಗಣೇಶನ ಹಬ್ಬ, ದಸರಾ, ದೀಪಾವಳಿಯ ಹಿಂದಿನ ಸಂಜೆಯಂತೂ ಅರ್ಧ ಬೆಂಗಳೂರು ಆ ಒಂದೇ ಬಾಗಿಲಿನಿಂದ ಊರಿಗೆ ಹೊರಟಿರುತ್ತದೆ. ಅಲ್ಲಿ ಸಿಕ್ಕಿಕೊಂಡು ಒಂದೂವರೆ ಗಂಟೆ ಕಳೆದವನ ಕೈಕಾಲು ನೆಲಮಂಗಲ ದಾಟಿದ ಮೇಲೆ ಸುಮ್ಮನಿರುವುದಿಲ್ಲ. ರಸ್ತೆ ತೆರವಾದ ಕೂಡಲೇ ಕಾಲು ಎಕ್ಸಲರೇಟರಿನ ಮೇಲೆ ಬಲವಾಗಿ ಬೀಳುತ್ತದೆ. ನಾನು ಹೆದರುವುದು ಆ ಗಳಿಗೆಗೆ. ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಡು. ಹಿಂದಿನ ರಾತ್ರಿ ಬೇಗ ಮಲಗಿರು. ನಿದ್ದೆಗೆಟ್ಟು ಮೂಟೆ ಕಟ್ಟಿ ನಸುಕಿಗೆ ಎದ್ದರೆ ಪ್ರಯೋಜನವಿಲ್ಲ.

ವೇಗದ ಲೆಕ್ಕವನ್ನೂ ಒಮ್ಮೆ ನೋಡು. 60 ಕಿಲೋಮೀಟರ್ ದಾರಿಯನ್ನು ಗಂಟೆಗೆ 90ರಂತೆ ಹೋದರೆ 40 ನಿಮಿಷ. 120ರಂತೆ ಹಾರಿಸಿದರೆ 30 ನಿಮಿಷ. ಉಳಿಯುವುದು ಹತ್ತೇ ನಿಮಿಷ. ಮುಂದಿನ ಟೋಲಿನಲ್ಲಿ, ಇಲ್ಲವೇ ಮಗುವಿಗೆ ಮೂತ್ರ ಬಂತೆಂದು ನಿಲ್ಲಿಸಿದಲ್ಲಿ ಆ ಹತ್ತು ನಿಮಿಷ ಹೋಗಿಯೇ ಹೋಗುತ್ತದೆ. ಅದಕ್ಕೆ ನೀನು ತೆರುವ ಬೆಲೆ ಏನು ಗೊತ್ತೇ? 90ರಲ್ಲಿ ಕಾರು ಸೆಕೆಂಡಿಗೆ 25 ಮೀಟರ್ ಓಡುತ್ತದೆ, 120ರಲ್ಲಿ 33 ಮೀಟರ್. ಎದುರಿಗೆ ಎಮ್ಮೆ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಸಾಗಿರುತ್ತದೆ. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಇನ್ನೂ ಬೇಗ ಬೆಳೆಯುತ್ತದೆ. ವೇಗ ಮೂರನೇ ಒಂದು ಪಾಲು ಹೆಚ್ಚಿದರೆ ಆ ದೂರ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಹೆಚ್ಚುತ್ತದೆ. ತಡವಾದ ಹೊತ್ತನ್ನು ವೇಗದಿಂದ ತುಂಬಿಕೊಳ್ಳುವುದೆಂದರೆ ಕೈಸಾಲ ತೀರಿಸಲು ಮೀಟರ್ ಬಡ್ಡಿಗೆ ದುಡ್ಡು ತಂದಂತೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 2018ರ ಅಧಿಸೂಚನೆ ಕೊಟ್ಟಿರುವ ಮಿತಿ 100. ಊರು ಹತ್ತಿರವಾದಾಗ, ಕಾಮಗಾರಿ ನಡೆವಲ್ಲಿ ಫಲಕ ಅದಕ್ಕಿಂತ ಕಡಿಮೆ ಹೇಳಿದರೆ ಅದೇ ಮಿತಿ. ನೀನು ಎಂಬತ್ತು ತೊಂಬತ್ತರಲ್ಲಿ ನೆಮ್ಮದಿಯಾಗಿ ಹೋಗು.

ನಿಲ್ಲುವುದನ್ನು ಹೊತ್ತು ಕಳೆಯುವುದೆಂದು ಎಣಿಸಬೇಡ. ಎರಡು ಗಂಟೆಗೊಮ್ಮೆ ಇಳಿದು ಕಾಲು ಚಾಚುವುದು ಓಡಿಸುವವಳ ಕೆಲಸದ ಭಾಗ. ಮೊದಲ ನಿಲುಗಡೆಗೆ ತುಮಕೂರಿನ ಹೊಸ್ತಿಲಲ್ಲೇ ಕ್ಯಾತ್ಸಂದ್ರವಿದೆ. ತಟ್ಟೆ ಇಡ್ಲಿಗೆ ಹೆಸರಾದ ಊರು. ಬಿಸಿ ಇಡ್ಲಿಯ ಮೇಲೆ ಬೆಣ್ಣೆ ಕರಗುವಾಗ ತಿನ್ನಬೇಕು. ಅಲ್ಲೇ ಪಕ್ಕದಲ್ಲಿ ಸಿದ್ಧಗಂಗಾ ಮಠ. ಸಾವಿರಾರು ಮಕ್ಕಳು ಅಲ್ಲಿ ಉಂಡು ಓದುತ್ತಾರೆ. ಮಕ್ಕಳನ್ನು ಒಮ್ಮೆ ಒಳಗೆ ಕರೆದುಕೊಂಡು ಹೋಗಿ ಆ ದಾಸೋಹ ತೋರಿಸು. 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಅನ್ನವಿಟ್ಟದ್ದನ್ನು ಹೇಳು.

ಮುಂದಿನ ನಿಲುಗಡೆ ಶಿರಾ. ಬಹಳ ಮಂದಿ ಹೆದ್ದಾರಿಯ ಹೋಟೆಲಿನಲ್ಲಿ ಕಾಫಿ ಕುಡಿದು ಹೊರಟುಬಿಡುವ ಊರಿದು. 1680ರ ದಶಕದಲ್ಲಿ ವಿಜಾಪುರ ಔರಂಗಜೇಬನ ಕೈಸೇರಿದ ಮೇಲೆ ಈ ಸೀಮೆಯ ಮೊಗಲ್ ಆಡಳಿತಕ್ಕೆ ಶಿರಾವೇ ರಾಜಧಾನಿ. ಅದಕ್ಕೂ ಮೊದಲು ವಿಜಾಪುರದ ಸುಲ್ತಾನರ ಪರವಾಗಿ ಇಲ್ಲಿ ಆಳಿದ ಮಲಿಕ್ ರಿಹಾನನ ಗೋರಿ ಇದೆ. 1696ರ ಜಾಮಿಯಾ ಮಸೀದಿ ಇದೆ. ಕಲ್ಲಿನ ಕೆಲಸ ನೋಡುವಂಥದ್ದು. 1761ರಲ್ಲಿ ಹೈದರಾಲಿಗೆ ಸಿಕ್ಕಿದ ಪದವಿ ಶಿರಾದ ನವಾಬ ಎಂಬುದೇ. ಊರಿಗೆ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವುಗಳ ಕಾಲದಲ್ಲಿ ಹೋದರೆ ಮಕ್ಕಳಿಗೆ ಹಬ್ಬ. ಆ ಊರಿನವರು ಹಕ್ಕಿಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ, ಗಲಾಟೆ ಮಾಡದಂತೆ ಮಕ್ಕಳಿಗೆ ಮೊದಲೇ ಹೇಳಿರು.

ಹಿರಿಯೂರಿನಲ್ಲಿ ಬದಿಗೆ ತಿರುಗಿ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಕಲ್ಲಿನ ಅಣೆಕಟ್ಟು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕೃಷ್ಣರಾಜಸಾಗರಕ್ಕಿಂತಲೂ ಹಿರಿಯದು. 1933ರಲ್ಲೊಮ್ಮೆ ತುಂಬಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆ ಬಯಲುಸೀಮೆಯ ಜನ ಬುತ್ತಿ ಕಟ್ಟಿಕೊಂಡು ಬಂದು ನೀರು ನೋಡಿ ಕೈಮುಗಿದು ಹೋದರು. ನೀರಿಗಾಗಿ ಮೂರು ತಲೆಮಾರು ಕಾಯ್ದ ಸೀಮೆಯ ಮೂಲಕ ಹೋಗುವಾಗ ಅರ್ಧ ಗಂಟೆಯ ಟ್ರಾಫಿಕ್ಕಿಗೆ ನಾವು ತಾಳ್ಮೆ ಕಳೆದುಕೊಳ್ಳಬಾರದು.

ಚಿತ್ರದುರ್ಗದ ಕೋಟೆಗೆ ಬಿಸಿಲು ಇಳಿದ ಮೇಲೆ ಹೋಗು. ಆ ಬಂಡೆಗಳು ಮಧ್ಯಾಹ್ನ ಕಾದ ಹೆಂಚು. ನಿನ್ನ ಅತ್ತೆ ಮಾವನಿಗೆ ಮೇಲಕ್ಕೆ ಹತ್ತಲಾಗದಿದ್ದರೂ ಕೆಳಗಿನ ಬಾಗಿಲುಗಳವರೆಗೆ ನಡೆದು ಗೋಡೆ ನೋಡಿದರೆ ಸಾಕು, ಏಳು ಸುತ್ತಿನ ಕೋಟೆ ಎಂದು ಏಕೆ ಹೇಳುತ್ತಾರೆಂದು ತಿಳಿಯುತ್ತದೆ. ಒನಕೆ ಓಬವ್ವನ ಕಿಂಡಿಯನ್ನು ಮಕ್ಕಳು ನೋಡಲೇಬೇಕು. 1779ರಲ್ಲಿ ಹೈದರನಿಗೆ ಸೋತು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಮದಕರಿ ನಾಯಕನ ಕಥೆಯನ್ನು ಅಲ್ಲಿನ ಗೈಡುಗಳ ಬಾಯಲ್ಲೇ ಕೇಳಿಸು. ಇನ್ನೂ ಹೊತ್ತಿದ್ದರೆ ಪಕ್ಕದ ಚಂದ್ರವಳ್ಳಿಗೆ ಹೋಗು, ಕದಂಬರ ಮಯೂರಶರ್ಮನ ಶಾಸನ ಇರುವುದು ಅಲ್ಲೇ. ಆ ರಾತ್ರಿ ಊರಿನಲ್ಲೇ ತಂಗು.

ಎರಡನೆಯ ದಿನ ಬೆಳಗಿನ ತಿಂಡಿ ದಾವಣಗೆರೆಯಲ್ಲಿ. ಬೆಣ್ಣೆ ದೋಸೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಆದರೆ ಹೆದ್ದಾರಿ ಬದಿಯಲ್ಲಿ ದೊಡ್ಡ ಬೋರ್ಡು ಹಾಕಿದ ಕಡೆ ನಿಲ್ಲದೆ ಊರೊಳಗೆ ಹೋಗು. ಹಂಚಿನ ಮುಂದೆ ನಿಂತು, ಆಲೂಗಡ್ಡೆ ಪಲ್ಯ, ತೆಳ್ಳನೆಯ ಚಟ್ನಿಯ ಜೊತೆ ತಿನ್ನು. ಸಂಜೆ ಮಕ್ಕಳ ಬಾಯಿಗೆ ಇರಲೆಂದು ನರ್ಗಿಸ್ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿಸಿಕೋ.

ಹರಿಹರದಲ್ಲಿ ನನಗಾಗಿ ಒಂದು ಗಂಟೆ ನಿಲ್ಲು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಇದೆ. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಅದರ ಹಿಂದೆ ತುಂಗಭದ್ರೆ. ಈ ದಾರಿಗಾಗಿಯೇ ಹೊಳೆಗೆ ಅಡ್ಡಲಾಗಿ 1868ರಲ್ಲಿ ಸೇತುವೆ ಕಟ್ಟಿ ಮುಗಿಸಿದರು. ಕಲ್ಲು, ಇಟ್ಟಿಗೆಯ 14 ಕಮಾನು, ಒಂದೊಂದೂ 60 ಅಡಿ ಅಗಲ. ಆಗಿನ ಕಾಲಕ್ಕೆ ಮೂರೂವರೆ ಲಕ್ಷ ರೂಪಾಯಿಯ ಹತ್ತಿರ ಹತ್ತಿರ ಖರ್ಚಾಯಿತು. ಅದಕ್ಕೆ ಮುಂಚೆ ಮಳೆಗಾಲದಲ್ಲಿ ಹೊಳೆ ತುಂಬಿ ಬಂದರೆ ಗಾಡಿಯವರು ದಡದಲ್ಲೇ ಒಲೆ ಹೂಡಿ ನೀರು ಇಳಿಯುವವರೆಗೆ ಕಾಯಬೇಕಿತ್ತು. ಇನ್ನೊಂದು ಮಾತನ್ನೂ ಮಕ್ಕಳಿಗೆ ತಿಳಿಸು. ಆಗ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಬ್ರಿಟಿಷರ ಮುಂಬೈ ಪ್ರಾಂತ್ಯ. ಎರಡೂ ದಡದಲ್ಲಿ ಕನ್ನಡವೇ, ಆದರೆ ಕಚೇರಿ ಬೇರೆ, ಕಾನೂನು ಬೇರೆ. ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನೀನು ಹತ್ತು ಸೆಕೆಂಡಿನಲ್ಲಿ ದಾಟುವ ಆ ಹೊಳೆಯನ್ನು ದಾಟಿಸಲು ಒಂದು ತಲೆಮಾರು ತನ್ನ ಜೀವನವನ್ನೇ ಸವೆಸಿದೆ.

ಹೊಳೆ ದಾಟಿದ ಮೇಲೆ ಮಾತಿನ ರಾಗ ಬದಲಾಗುತ್ತದೆ, ಮಣ್ಣು ಕಪ್ಪಾಗುತ್ತದೆ, ಖಾರ ಏರುತ್ತದೆ. ಮೋಟೆಬೆನ್ನೂರಿನಿಂದ ಪಕ್ಕಕ್ಕೆ ಹೋದರೆ ಬ್ಯಾಡಗಿ. ಸುಗ್ಗಿಯ ಕಾಲದಲ್ಲಿ ಮಾರುಕಟ್ಟೆಯ ಅಂಗಳವೆಲ್ಲ ಮೆಣಸಿನಕಾಯಿಯಿಂದ ಕೆಂಪಾಗಿರುತ್ತದೆ. ಹಾವೇರಿಯಲ್ಲಿ ಏಲಕ್ಕಿ ಮಾಲೆ ಮಾಡುವವರಿದ್ದಾರೆ. ಬೆಳಗಾವಿಯ ಬೀಗರಿಗೆ ಕೊಡಲು ಅದಕ್ಕಿಂತ ಒಳ್ಳೆಯ ಉಡುಗೊರೆ ಬೇಡ. ಬಂಕಾಪುರದ ಕೋಟೆಯೊಳಗೆ ನವಿಲುಗಳಿವೆ, ಕಂಬಗಳ ಕಾಡಿನಂತೆ ತೋರುವ ನಗರೇಶ್ವರನ ಗುಡಿ ಇದೆ. ಗುಣಭದ್ರಾಚಾರ್ಯರ ಉತ್ತರಪುರಾಣದ ನಂಟಿರುವುದೂ, ರನ್ನನ ಗುರು ಅಜಿತಸೇನಾಚಾರ್ಯರು ಇದ್ದದ್ದೂ ಈ ಊರಿನಲ್ಲೇ. ಹತ್ತಿರದ ಬಾಡ ಕನಕದಾಸರು ಹುಟ್ಟಿದ ಊರು. ಧಾರವಾಡದಲ್ಲಿ ಪೇಡೆ ಕೊಳ್ಳುವ ಕೆಲಸವಂತೂ ಇದ್ದೇ ಇದೆ. ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕದಲ್ಲೇ ರಾಣಿ ಚೆನ್ನಮ್ಮನ ಕೋಟೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಬಿದ್ದ ಜಾಗ. ಅರಮನೆಯ ಪಾಳುಗೋಡೆಗಳ ನಡುವೆ ಮಕ್ಕಳು ಹತ್ತು ನಿಮಿಷ ಓಡಾಡಲಿ.

ಇಷ್ಟನ್ನೂ ಹೇಳಿದೆನೆಂದು ಎಲ್ಲವನ್ನೂ ನೋಡಲು ಹೋಗಬೇಡ. ದಿನಕ್ಕೆ ಎರಡು ಜಾಗ, ಹೆಚ್ಚೆಂದರೆ ಮೂರು. ಪಟ್ಟಿ ಮುಗಿಸುವ ಆತುರವೂ ಆತುರವೇ. ಉಳಿದದ್ದಕ್ಕೆ ಮರಳಿ ಬರುವಾಗ ಇನ್ನೊಂದು ಅವಕಾಶವಿದೆ.

ಇನ್ನು ತಡದ ಮಾತು. ದಾರಿಯುದ್ದಕ್ಕೂ ಕಾಮಗಾರಿಗಳು ನಡೆಯುತ್ತಲೇ ಇರುತ್ತವೆ. ಒಂದು ಕಡೆ ಮೇಲ್ಸೇತುವೆ, ಇನ್ನೊಂದು ಕಡೆ ರಸ್ತೆ ಅಗಲಿಸುವುದು. ಗಾಡಿಗಳನ್ನೆಲ್ಲ ಸರ್ವೀಸ್ ರಸ್ತೆಗೆ ಇಳಿಸಿರುತ್ತಾರೆ. ಅಲ್ಲಿ ಮುಂದೆ ಲಾರಿ, ಹಿಂದೆ ಬಸ್ಸು. ಹಾರ್ನ್ ಬಾರಿಸಿದರೆ ಸಾಲು ಕರಗುವುದಿಲ್ಲ. ಎಡಗಡೆಯ ಮಣ್ಣಿನಲ್ಲಿ ನುಗ್ಗಿ ಮುಂದೆ ಹೋಗುವವರನ್ನು ನೋಡಿ ನೀನೂ ನುಗ್ಗಬೇಡ. ಸಾಲು ಇನ್ನಷ್ಟು ಗೋಜಲಾಗುವುದು ಅವರಿಂದಲೇ. ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ, ಹಿರೇಬಾಗೇವಾಡಿ ಎಂದು ಟೋಲ್‌ಗೇಟುಗಳು ಒಂದರ ಹಿಂದೊಂದು ಬರುತ್ತವೆ. ಫಾಸ್ಟ್ಯಾಗಿನಲ್ಲಿ ಹಣ ಮನೆಯಲ್ಲೇ ತುಂಬಿಸಿಕೊಂಡಿರು. ಗೇಟಿನ ಮುಂದೆ ನಿಂತು ಫೋನ್ ತಡಕಾಡಿದರೆ ಹಿಂದಿನ ಇಪ್ಪತ್ತು ಗಾಡಿಗೆ ನೀನೇ ತಡವಾಗುತ್ತೀ.

ಕೆಲವು ತಡಗಳನ್ನು ಗೌರವದಿಂದಲೇ ಒಪ್ಪಿಕೊಳ್ಳಬೇಕು. ಕಬ್ಬು ಅರೆಯುವ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೆಜ್ಜೆ ಎಣಿಸುತ್ತಾ ಹೋಗುತ್ತವೆ. ಚಿತ್ರದುರ್ಗ, ಶಿರಾ ಕಡೆ ಕುರಿಗಾಹಿಗಳು ಮೇವು ಹುಡುಕಿಕೊಂಡು ಹಿಂಡು ಹೊಡೆದುಕೊಂಡು ರಸ್ತೆ ದಾಟುತ್ತಾರೆ. ಸವದತ್ತಿ ಎಲ್ಲಮ್ಮನ ಹುಣ್ಣಿಮೆ ಬಂದರೆ ಚಕ್ಕಡಿ ಕಟ್ಟಿಕೊಂಡು, ಉಧೋ ಉಧೋ ಎನ್ನುತ್ತಾ ಸಂಸಾರ ಸಮೇತ ಜನ ಹೊರಡುತ್ತಾರೆ. ಒಳರಸ್ತೆಗೆ ಇಳಿದರೆ ರಾಗಿಯನ್ನೋ ಹುರುಳಿಯನ್ನೋ ಟಾರಿನ ಮೇಲೆ ಹರವಿರುತ್ತಾರೆ. ಹೆದ್ದಾರಿಯಲ್ಲೇ ಎದುರು ದಿಕ್ಕಿನಿಂದ ಬೈಕಿನವನು ಬರುವುದನ್ನೂ ಕಾಣುತ್ತೀ. ಅವನು ಮಾಡುವುದು ಅಪಾಯದ ಕೆಲಸ, ತಪ್ಪು ಕೂಡ. ಆದರೆ ಅವನ ಮನೆ ರಸ್ತೆಯ ಒಂದು ಕಡೆ, ಹೊಲ ಇನ್ನೊಂದು ಕಡೆ. ದಾಟುವ ಜಾಗ ಎಷ್ಟೋ ದೂರ. ಈ ರಸ್ತೆ ನಮಗೆ ಒಂದು ದಿನದ ದಾರಿ, ಅವರಿಗೆ ದಿನಬೆಳಗಾದರೆ ತುಳಿಯುವ ನೆಲ. ಕುರಿಯ ಹಿಂಡು ದಾಟುವವರೆಗೆ ಎಂಜಿನ್ ಆರಿಸಿ ಕುಳಿತರೆ ಐದು ನಿಮಿಷ. ಆ ಕುರುಬನಿಗೆ ಒಂದು ಕುರಿ ಸತ್ತರೆ ಆ ತಿಂಗಳ ಸಂಸಾರವೇ ಏರುಪೇರು.

ಹಾಗೆಂದು ಆ ಕಬ್ಬಿನ ಟ್ರ್ಯಾಕ್ಟರನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಎಷ್ಟೋ ಟ್ರೇಲರುಗಳ ಹಿಂದೆ ದೀಪವಿಲ್ಲ, ಮಿಂಚುವ ಪಟ್ಟಿಯೂ ಇಲ್ಲ. ಕತ್ತಲಲ್ಲಿ ನಿಂತ ಲಾರಿಯೂ ಹಾಗೆಯೇ. ಎದುರಿನ ದೀಪ ಕಣ್ಣಿಗೆ ಹೊಡೆದಾಗ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ. ಅದಕ್ಕೇ ಸೂರ್ಯ ಮುಳುಗುವ ಮೊದಲು ಊರು ಸೇರು ಎನ್ನುವುದು. ಧಾರವಾಡ ದಾಟುವ ಹೊತ್ತಿಗೆ ಸಂಜೆ ಕಪ್ಪಿಟ್ಟಿದ್ದರೆ ಅಲ್ಲೇ ಉಳಿದುಬಿಡು. ಕಣ್ಣು ಎಳೆಯಲು ಶುರುವಾದರೆ ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಯಾವುದೂ ಮದ್ದಲ್ಲ. 90ರ ವೇಗದಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಕಾರು 75 ಮೀಟರ್ ಕುರುಡಾಗಿ ಓಡಿರುತ್ತದೆ. ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗು. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡ.

ಹುಬ್ಬಳ್ಳಿ–ಧಾರವಾಡ ಬೈಪಾಸಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಬೈಪಾಸಿನ ಹಿಂದೆಯೂ ಮುಂದೆಯೂ ನಾಲ್ಕು ಪಥವಿದ್ದ ಹೆದ್ದಾರಿ ಅಲ್ಲಿ ಸುಮಾರು 30 ಕಿಲೋಮೀಟರ್ ಎರಡೇ ಪಥಕ್ಕೆ ಇಳಿಯುತ್ತಿತ್ತು, ನಡುವೆ ವಿಭಜಕವೂ ಇರಲಿಲ್ಲ. ಅಗಲವಾದ ರಸ್ತೆಯ ವೇಗವನ್ನೇ ಹೊತ್ತು ಬಂದವರು ಅಲ್ಲಿ ಎದುರುಬದುರಾಗುತ್ತಿದ್ದರು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹಳೆಯ ಶಾಲಾ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ಹೋದರು. ಸಂಕ್ರಾಂತಿಯ ಮರುದಿನ ಅಷ್ಟು ಮನೆಗಳಲ್ಲಿ ಕತ್ತಲಾಯಿತು. ಆ ರಸ್ತೆಯನ್ನು ಅಗಲಿಸುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಂಡರು. ರಸ್ತೆ ಎಷ್ಟೇ ಅಗಲವಾಗಲಿ, ಕಾಮಗಾರಿಯ ತಿರುವುಗಳಿರುವ ಜಾಗದಲ್ಲಿ ಯಾರನ್ನೂ ಹಿಂದಿಕ್ಕಲು ಹೋಗಬೇಡ.

ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಲಿ. ನಿನ್ನ ಅತ್ತೆ ಬಿಗಿಯಾಗುತ್ತದೆ ಎಂದು ಬೇಡವೆನ್ನಬಹುದು. ಕೈಮುಗಿದಾದರೂ ಒಪ್ಪಿಸು. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಇದೇ 48ನೇ ಹೆದ್ದಾರಿಯ ಮೇಲೆ, ಪಾಲ್ಘರ್ ಹತ್ತಿರ. ಬಹಳ ದೊಡ್ಡ, ಬಹಳ ಗಟ್ಟಿ ಕಾರು. ಹಿಂದೆ ಕುಳಿತಿದ್ದರು, ಬೆಲ್ಟ್ ಹಾಕಿರಲಿಲ್ಲ. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಮಾತ್ರ ಯಾವ ಕಾರಣಕ್ಕೂ ಬೇಡ.

ದಾರಿಯಲ್ಲಿ ಯಾರಿಗಾದರೂ ಅಪಘಾತವಾಗಿದ್ದರೆ ನೋಡುತ್ತಾ ನಿಲ್ಲಬೇಡ, ಮುಖ ತಿರುಗಿಸಿಯೂ ಹೋಗಬೇಡ. ನಿನ್ನ ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಮಿನುಗು ದೀಪ ಹಾಕಿ, 108 ಅಥವಾ 112ಕ್ಕೆ ಕರೆ ಮಾಡು. ಹೆದ್ದಾರಿಯ ಸಹಾಯವಾಣಿ 1033. ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿದರೆ ಆಂಬುಲೆನ್ಸ್ ಬೇಗ ತಲುಪುತ್ತದೆ. ಪೊಲೀಸು, ಕೋರ್ಟು ಎಂದು ಹೆದರಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134-ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. 2016ರ ಫೆಬ್ರವರಿಯಲ್ಲಿ, ಊರಿಗೆ ಹೋಗಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾಗಿ ಬಿದ್ದಿದ್ದಾಗಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆ ಚಿಕಿತ್ಸೆ ಕೊಡುವ ರಾಜ್ಯದ ಯೋಜನೆಗೆ ಅವನ ಹೆಸರೇ ಇದೆ. ನೀನು ಹೋಗುವುದು ಅವನು ಬಿದ್ದ ದಾರಿಯಲ್ಲೇ. ಬಿದ್ದವನೇ ಅಷ್ಟು ಕೊಡಬಲ್ಲನಾದರೆ, ನಿಂತವರು ಒಂದು ಫೋನ್ ಮಾಡಬಹುದು.

ಸಣ್ಣಪುಟ್ಟ ಸಂಗತಿಗಳೂ ಇರಲಿ. ಸ್ಟೆಪ್ನಿಗೆ ಗಾಳಿ ಇದೆಯೇ ನೋಡು. ಕುಡಿಯುವ ನೀರು, ಅತ್ತೆ ಮಾವನ ಮಾತ್ರೆ ಕೈಗೆ ಸಿಗುವಂತಿರಲಿ. ಹೆಂಗಸರಿಗೆ, ಮುದುಕರಿಗೆ ಶೌಚಾಲಯದ ಕಷ್ಟ ಈ ದಾರಿಯಲ್ಲಿ ಇನ್ನೂ ತೀರಿಲ್ಲ. ಚೊಕ್ಕವಾದ ಜಾಗ ಸಿಕ್ಕಾಗ ಬೇಕಿರಲಿ ಬೇಡವಿರಲಿ ನಿಲ್ಲಿಸು. ದಾರಿ ಬದಿಯಲ್ಲಿ ಸೀತಾಫಲ, ದಾಳಿಂಬೆ, ಸುಟ್ಟ ಜೋಳ ಮಾರುವವರ ಹತ್ತಿರ ಚೌಕಾಸಿ ಮಾಡಬೇಡ. ಕೊಳ್ಳುವಾಗ ಬಿಳಿ ಗೆರೆಯ ಆಚೆ, ಪೂರ್ತಿ ಮಣ್ಣಿಗೆ ಇಳಿಸಿ ನಿಲ್ಲಿಸು, ಮಕ್ಕಳು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಯದಂತೆ ನೋಡಿಕೋ. ತಿಂದ ಸಿಪ್ಪೆ, ಪ್ಲಾಸ್ಟಿಕ್ಕನ್ನು ಚೀಲದಲ್ಲಿಟ್ಟು ಊರಿಗೆ ಒಯ್ಯಿ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಗಾಡಿಯಲ್ಲಿ ಆತುರ ಹುಟ್ಟುವುದು ರಸ್ತೆಯಿಂದಲ್ಲ, ಕೊಟ್ಟ ಮಾತಿನಿಂದ. ಆರು ಗಂಟೆಗೆ ಬರುತ್ತೇವೆ ಎಂದು ಹೇಳಿಬಿಟ್ಟಿರುತ್ತೇವೆ. ಅಲ್ಲಿ ಅನ್ನಕ್ಕಿಟ್ಟು ಕಾಯುತ್ತಿರುತ್ತಾರೆ, ನಡುವೆ ಎರಡು ಸಲ ಫೋನ್ ಬರುತ್ತದೆ, ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಆ ಮಾತು ಉಳಿಸಿಕೊಳ್ಳಲು ಹೋಗಿ ಎಷ್ಟೋ ಒಳ್ಳೆಯ ಜನ ವೇಗ ಏರಿಸುತ್ತಾರೆ. ಆದ್ದರಿಂದ ಹೊರಡುವ ಮೊದಲೇ ಬೆಳಗಾವಿಗೆ ಫೋನ್ ಮಾಡು. ಭಾನುವಾರ ಬರುತ್ತೇವೆ, ಎಷ್ಟು ಹೊತ್ತಿಗೆಂದು ಕೇಳಬೇಡಿ, ರಾತ್ರಿಯಾದರೆ ಧಾರವಾಡದಲ್ಲೇ ಉಳಿಯುತ್ತೇವೆ, ನೀವು ಉಂಡು ಮಲಗಿ ಎಂದು ಹೇಳು. ಈ ಒಂದು ಕರೆ ಮಾಡಿ ಮುಗಿಸಿದ ಮೇಲೆಯೇ ಕಾರಿನ ಕೀಲಿ ಕೈಗೆ ತೆಗೆದುಕೋ. ಸುಖವಾಗಿ ಹೋಗಿ ಬನ್ನಿ.